ಮಧ್ಯಯುಗದ ಕೊನೆಯ ಜರ್ಮನ್ ಡ್ಯೂಕನೊಬ್ಬನ ಬದುಕನ್ನು ಓದುವ ಬಗೆ: ಬವೇರಿಯಾದ ನಾಲ್ಕನೆಯ ಆಲ್ಬ್ರೆಕ್ಟ್

ಹದಿನೈದನೆಯ ಶತಮಾನದ ಜರ್ಮನ್ ಡ್ಯೂಕನೊಬ್ಬನ ಬಗ್ಗೆ ಲೇಖನ ಬರೆಯಲು ಅಥವಾ ಪಾಠ ಹೇಳಲು ಸಿದ್ಧತೆ ಮಾಡಿಕೊಳ್ಳುವವರು ಬಹುಮಟ್ಟಿಗೆ ಭೂಪಟವನ್ನು ಮುಂದಿಟ್ಟುಕೊಂಡು ಆರಂಭಿಸುತ್ತಾರೆ. ನಾನೂ ಹಾಗೆಯೇ ಆರಂಭಿಸಿದ್ದೆ. ಬಣ್ಣ ಬಳಿದ ಆ ಭೂಪಟದಲ್ಲಿ ಡ್ಯೂಕನ ನಾಡಿಗೊಂದು ಬಣ್ಣ, ಪಕ್ಕದವನ ನಾಡಿಗೆ ಇನ್ನೊಂದು ಬಣ್ಣ, ನಡುವೆ ಗೆರೆ. ಗೆರೆ ಮುಂದಕ್ಕೆ ಸರಿದರೆ ಡ್ಯೂಕ್ ಗೆದ್ದ, ಹಿಂದಕ್ಕೆ ಸರಿದರೆ ಸೋತ ಎಂದು ತಿಳಿದುಕೊಂಡು ಓದುತ್ತಾ ಹೋದರೆ ಮೂರನೆಯ ಪುಟಕ್ಕೇ ದಾರಿ ತಪ್ಪುತ್ತದೆ. ಯುದ್ಧವಿಲ್ಲದೆ ಊರೊಂದು ಕೈ ಬದಲಾಯಿಸುತ್ತದೆ, ಗೆದ್ದವನು ಗೆದ್ದ ನೆಲವನ್ನು ಬಿಟ್ಟುಕೊಡುತ್ತಾನೆ, ಮದುವೆಯ ಪತ್ರವೊಂದು ಸೈನ್ಯಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಆ ಕಾಲದ ಡ್ಯೂಕ್ ಕೂಡಿಹಾಕುತ್ತಿದ್ದದ್ದು ಹಕ್ಕುಗಳನ್ನು ಮತ್ತು ಅವುಗಳ ಪತ್ರಗಳನ್ನು. ನೆಲ ಅವುಗಳ ಹಿಂದೆ ಬರುತ್ತಿತ್ತು ಎಂಬುದು ಮನಸ್ಸಿಗೆ ಹತ್ತಿದ ಮೇಲೆಯೇ ಇಡೀ ಕಥೆಗೆ ಅರ್ಥ ಹುಟ್ಟುತ್ತದೆ.

ಈ ಓದಿನ ಕ್ರಮವನ್ನು ಒಬ್ಬನೇ ವ್ಯಕ್ತಿಯ ಮೂಲಕ ತೋರಿಸುತ್ತೇನೆ. ಅವನು ಬವೇರಿಯಾ-ಮ್ಯೂನಿಕ್‌ನ ಡ್ಯೂಕ್ ನಾಲ್ಕನೆಯ ಆಲ್ಬ್ರೆಕ್ಟ್. 1447ರ ಡಿಸೆಂಬರ್ 15ರಂದು ಮ್ಯೂನಿಕ್‌ನಲ್ಲಿ ಹುಟ್ಟಿ, 1508ರ ಮಾರ್ಚ್ 18ರಂದು ಅಲ್ಲಿಯೇ ತೀರಿಕೊಂಡ ಇವನನ್ನು ನಂತರದವರು ‘ವಿವೇಕಿ’ ಎಂದು ಕರೆದರು. ನಾಡು ಕಟ್ಟುವ ಆಸೆ, ಅದಕ್ಕಾಗಿ ಬಳಸಿದ ಸಾಧನಗಳು, ದೊಡ್ಡದೊಂದು ಸೋಲು, ಅರ್ಧ ಗೆಲುವು ಮತ್ತು ಅದನ್ನು ಉಳಿಸಿಕೊಳ್ಳಲು ಮಾಡಿದ ಕಾನೂನು, ಇಷ್ಟೂ ಒಬ್ಬನ ಬದುಕಿನಲ್ಲಿ ಸಿಗುವುದು ಅಪರೂಪ. ಇವನನ್ನು ಓದಲು ಕಲಿತವರು ಅದೇ ಕ್ರಮದಲ್ಲಿ ವ್ಯುರ್ಟೆಂಬರ್ಗ್‌ನ ಅಥವಾ ಸ್ಯಾಕ್ಸನಿಯ ಡ್ಯೂಕರನ್ನೂ ಓದಬಹುದು.

ಮೊದಲು ಪಾಲುಪಟ್ಟಿ, ಆಮೇಲೆ ಭೂಪಟ

ಮೊದಲ ಕೆಲಸವೆಂದರೆ ಮನೆತನದ ವಂಶವೃಕ್ಷವನ್ನು ಕೈಯಾರೆ ಬರೆದುಕೊಂಡು, ಅದರ ಪಕ್ಕದಲ್ಲಿ ಪಾಲಾದ ವರ್ಷಗಳನ್ನು ಗುರುತಿಸುವುದು. ಜರ್ಮನ್ ಮನೆತನಗಳಲ್ಲಿ ಗಂಡುಮಕ್ಕಳೆಲ್ಲರಿಗೂ ನಾಡಿನಲ್ಲಿ ಹಕ್ಕಿತ್ತು. ಆದ್ದರಿಂದ ಹಿರಿಯರ ಆಸ್ತಿ ಹಂಚಿಕೆಯಾದಂತೆ ನಾಡೇ ಹಂಚಿಕೆಯಾಗುತ್ತಿತ್ತು. ಬವೇರಿಯಾವನ್ನು ಆಳುತ್ತಿದ್ದ ವಿಟೆಲ್ಸ್‌ಬಾಖ್ ಮನೆತನದ ಪಾಲುಗಳನ್ನು ನೋಡಿ. 1255ರಲ್ಲಿ ಮೇಲಣ ಬವೇರಿಯಾ, ಕೆಳಗಣ ಬವೇರಿಯಾ ಎಂದು ಮೊದಲ ಒಡಕು. 1329ರ ಪಾವಿಯಾ ಒಪ್ಪಂದದಲ್ಲಿ ರೈನ್ ತೀರದ ಪ್ಯಾಲಟಿನೇಟ್ ಎಂಬ ಸೀಮೆ ಬೇರೊಂದು ಶಾಖೆಗೆ ಹೋಯಿತು. 1392ರಲ್ಲಿ ಲಾಂಡ್ಸ್‌ಹುಟ್, ಇಂಗೋಲ್‌ಸ್ಟಾಟ್, ಮ್ಯೂನಿಕ್ ಎಂಬ ಮೂರು ಡಚಿಗಳಾದವು, ಅಂದರೆ ಡ್ಯೂಕರ ನಾಡುಗಳಾದವು. ಇವುಗಳ ಹೊರಗೆ ಸ್ಟ್ರೌಬಿಂಗ್‌ನ ಶಾಖೆ ಆಗಲೇ ಪ್ರತ್ಯೇಕವಾಗಿ ಇತ್ತು.

ಪಾಲಾದದ್ದನ್ನು ಬರೆದುಕೊಂಡಷ್ಟೇ ಶ್ರದ್ಧೆಯಿಂದ ಶಾಖೆಗಳು ನಿಂತುಹೋದ ವರ್ಷಗಳನ್ನೂ ಬರೆದುಕೊಳ್ಳಬೇಕು, ಏಕೆಂದರೆ ದಾಯಾದಿಯ ಮನೆಯಲ್ಲಿ ಗಂಡು ಸಂತಾನ ಇಲ್ಲವಾದ ದಿನವೇ ಉಳಿದ ಶಾಖೆಗಳಿಗೆ ಬೆಳೆಯುವ ಅವಕಾಶ. 1425ರಲ್ಲಿ ಸ್ಟ್ರೌಬಿಂಗ್ ಶಾಖೆ ಕೊನೆಗೊಂಡಿತು. 1429ರ ತೀರ್ಪಿನಲ್ಲಿ ಅದರ ನೆಲ ಹಂಚಿಕೆಯಾಗಿ, ಸ್ಟ್ರೌಬಿಂಗ್ ಪಟ್ಟಣ ಮ್ಯೂನಿಕ್‌ನವರ ಪಾಲಿಗೆ ಬಂತು. 1447ರಲ್ಲಿ, ಅಂದರೆ ಆಲ್ಬ್ರೆಕ್ಟ್ ಹುಟ್ಟಿದ ವರ್ಷವೇ, ಇಂಗೋಲ್‌ಸ್ಟಾಟ್ ಶಾಖೆಯ ನೆಲವೆಲ್ಲ ಲಾಂಡ್ಸ್‌ಹುಟ್‌ನವರ ವಶವಾಯಿತು. ಹೀಗೆ ಅವನ ಬಾಲ್ಯದ ಹೊತ್ತಿಗೆ ಉಳಿದದ್ದು ಎರಡೇ ಮನೆ: ಬಡ ಮ್ಯೂನಿಕ್ ಮತ್ತು ಸಿರಿವಂತ ಲಾಂಡ್ಸ್‌ಹುಟ್. ಲಾಂಡ್ಸ್‌ಹುಟ್‌ನ ಹೈನ್ರಿಖ್, ಲುಡ್ವಿಗ್, ಗೆಯೋರ್ಗ್ ಎಂಬ ತಂದೆ, ಮಗ, ಮೊಮ್ಮಗ ಮೂವರಿಗೂ ಚರಿತ್ರೆಯಲ್ಲಿ ‘ಶ್ರೀಮಂತ’ ಎಂಬ ಬಿರುದೇ ಉಳಿದಿದೆ. ಆಲ್ಬ್ರೆಕ್ಟ್‌ನ ಮುಂದಿನ ನಡೆಗಳೆಲ್ಲವನ್ನೂ ಈ ಹಿನ್ನೆಲೆಯಲ್ಲಿ ಇಟ್ಟು ನೋಡಬೇಕು.

ಭೂಪಟವನ್ನು ಇದಾದ ಮೇಲೆ ತೆರೆಯಿರಿ. ಆಗಲೂ ಒಂದೇ ಭೂಪಟ ಸಾಲದು. 1392, 1447 ಮತ್ತು 1505, ಈ ಮೂರು ವರ್ಷಗಳಿಗೆ ಒಂದೊಂದು ಗೀಚುಪಟ ಮಾಡಿಕೊಂಡರೆ ಸಾಕು.

ಅಣ್ಣತಮ್ಮಂದಿರ ಲೆಕ್ಕ

ಡ್ಯೂಕನ ಮೊದಲ ಎದುರಾಳಿ ಯಾವಾಗಲೂ ಅವನ ಮನೆಯೊಳಗೆ ಇರುತ್ತಿದ್ದ. ಆದ್ದರಿಂದ ಹೊರಗಿನ ಶತ್ರುಗಳ ಪಟ್ಟಿ ಮಾಡುವ ಮೊದಲು ಒಡಹುಟ್ಟಿದವರ ಪಟ್ಟಿ ಮಾಡಿ, ಪ್ರತಿಯೊಬ್ಬನ ಹಕ್ಕು ಏನಾಯಿತು ಎಂದು ಎದುರಿಗೆ ಬರೆದುಕೊಳ್ಳಬೇಕು.

ಆಲ್ಬ್ರೆಕ್ಟ್‌ನ ತಂದೆ ಮೂರನೆಯ ಆಲ್ಬ್ರೆಕ್ಟ್ 1460ರಲ್ಲಿ ತೀರಿಕೊಂಡಾಗ ಹಿರಿಯರಾದ ಯೋಹಾನ್ ಮತ್ತು ಸಿಗ್‌ಮುಂಡ್ ಜಂಟಿಯಾಗಿ ಆಳತೊಡಗಿದರು. ನಮ್ಮ ಆಲ್ಬ್ರೆಕ್ಟ್‌ನನ್ನು ಚರ್ಚಿನ ಸೇವೆಗೆಂದು ನಿಶ್ಚಯಿಸಿ ಇಟಲಿಯ ಪಾವಿಯಾಕ್ಕೆ ಓದಲು ಕಳುಹಿಸಿದ್ದರು. 1463ರಲ್ಲಿ ಯೋಹಾನ್ ಸತ್ತ ಮೇಲೆ ಅವನು ಧರ್ಮಗುರುವಾಗುವ ದಾರಿಯನ್ನು ಬಿಟ್ಟು ಹಿಂತಿರುಗಿ, 1465ರಲ್ಲಿ ಆಳ್ವಿಕೆಯಲ್ಲಿ ಪಾಲು ಪಡೆದನು. ಎರಡೇ ವರ್ಷಕ್ಕೆ, 1467ರಲ್ಲಿ, ಅಣ್ಣ ಸಿಗ್‌ಮುಂಡ್ ಅಧಿಕಾರ ಬಿಟ್ಟುಕೊಟ್ಟು ಡಾಖೌ ಸೀಮೆಯನ್ನು ಮಾತ್ರ ತನಗೆ ಉಳಿಸಿಕೊಂಡನು. ಮರುವರ್ಷ ಮ್ಯೂನಿಕ್‌ನ ಫ್ರೌಯೆನ್‌ಕಿರ್ಖೆ ಎಂಬ ದೊಡ್ಡ ಚರ್ಚಿಗೆ ಅಡಿಗಲ್ಲು ಹಾಕಿದವನು ಇದೇ ಸಿಗ್‌ಮುಂಡ್. ಕಿರಿಯ ತಮ್ಮ ಕ್ರಿಸ್ಟೋಫ್ ಮಾತ್ರ ಸುಲಭಕ್ಕೆ ಬಗ್ಗುವವನಾಗಿರಲಿಲ್ಲ. ಮೈಶಕ್ತಿಗೆ ಹೆಸರಾಗಿದ್ದ ಅವನು ತನ್ನ ಪಾಲಿಗಾಗಿ ಪಟ್ಟು ಹಿಡಿದಾಗ ಆಲ್ಬ್ರೆಕ್ಟ್ 1471ರಲ್ಲಿ ಅವನನ್ನು ಸೆರೆಹಿಡಿಸಿ, ಒಂದು ವರ್ಷಕ್ಕೂ ಮೀರಿ ಮ್ಯೂನಿಕ್‌ನ ಕೋಟೆಯಲ್ಲಿ ಇಟ್ಟನು. ಕ್ರಿಸ್ಟೋಫ್ 1493ರಲ್ಲಿ ಜೆರುಸಲೇಮ್ ಯಾತ್ರೆಯಿಂದ ಹಿಂತಿರುಗುವಾಗ ರೋಡ್ಸ್ ದ್ವೀಪದಲ್ಲಿ ಸತ್ತನು. ಎಲ್ಲರಿಗಿಂತ ಕಿರಿಯವನಾದ ವುಲ್ಫ್‌ಗಾಂಗ್‌ನ ಹಕ್ಕು ಮಾತ್ರ ಕೊನೆಯವರೆಗೂ ಬಾಕಿ ಉಳಿಯಿತು. ಅವನನ್ನು ಮರೆಯದೆ ಪಟ್ಟಿಯಲ್ಲಿ ಇಟ್ಟುಕೊಳ್ಳಿ, 1506ರಲ್ಲಿ ಬೇಕಾಗುತ್ತಾನೆ.

ಪದಗಳನ್ನು ಆರಿಸಿಕೊಳ್ಳುವುದು

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ಅನುಕೂಲವಿದೆ ಎಂದು ನನಗೆ ಮನವರಿಕೆಯಾಗಿದೆ. ಆ ಕಾಲದ ಜರ್ಮನ್ ವ್ಯವಹಾರಗಳಿಗೆ ನಮ್ಮ ಜಮೀನು ಮತ್ತು ಮನೆತನದ ಮಾತುಗಳು ಬಹಳ ಚೆನ್ನಾಗಿ ಹೊಂದುತ್ತವೆ. ಸಾಲಗಾರ ಡ್ಯೂಕ್ ಊರೊಂದನ್ನು ಹಣ ಕೊಟ್ಟವನ ಕೈಗೆ ಒಪ್ಪಿಸಿ, ಅಸಲು ತೀರುವವರೆಗೆ ಆ ಊರಿನ ಉತ್ಪತ್ತಿಯನ್ನೇ ಬಡ್ಡಿಯ ಬದಲಿಗೆ ಅನುಭವಿಸು ಎನ್ನುತ್ತಿದ್ದ. ಇದು ಭೋಗ್ಯವಲ್ಲದೆ ಬೇರೇನೂ ಅಲ್ಲ. ‘ಅಡಮಾನ’ ಎಂದರೆ ಅರ್ಧ ಅರ್ಥವೇ ಸೋರಿಹೋಗುತ್ತದೆ. ಒಂದೇ ವಂಶದ ಬೇರೆ ಶಾಖೆಯವನಿಗೆ ‘ಸೋದರಸಂಬಂಧಿ’ ಎನ್ನುವುದಕ್ಕಿಂತ ‘ದಾಯಾದಿ’ ಸರಿಯಾದ ಮಾತು, ಏಕೆಂದರೆ ಅದರಲ್ಲಿ ರಕ್ತಸಂಬಂಧದ ಜೊತೆಗೆ ಆಸ್ತಿಯ ಹಕ್ಕೂ ಕೇಳಿಸುತ್ತದೆ. ಸಾಮ್ರಾಟನು ಒಬ್ಬನನ್ನು ಕಾನೂನಿನ ರಕ್ಷಣೆಯಿಂದ ಹೊರಹಾಕುವುದಕ್ಕೆ ‘ಬಹಿಷ್ಕಾರ’ ಸಾಕು.

ತಪ್ಪಿಸಬೇಕಾದ ಪದಗಳೂ ಇವೆ. ಡ್ಯೂಕನನ್ನು ‘ರಾಜ’ ಎಂದು ಬರೆಯಬಾರದು. ಅವನ ಮೇಲೆ ಪವಿತ್ರ ರೋಮನ್ ಸಾಮ್ರಾಜ್ಯದ ಒಡೆಯನಿದ್ದ, ಡ್ಯೂಕನ ಅಧಿಕಾರ ಸಾಮ್ರಾಜ್ಯದಿಂದ ಪಡೆದದ್ದು. ‘ಸಾಮಂತ’ ಎಂದರೂ ತಪ್ಪು ಕಲ್ಪನೆ ಹುಟ್ಟುತ್ತದೆ, ತನ್ನ ನಾಡಿನೊಳಗೆ ಅವನು ಬಹುತೇಕ ಸ್ವತಂತ್ರನಾಗಿದ್ದ. ‘ಡ್ಯೂಕ್’ ಎಂದೇ ಉಳಿಸಿಕೊಳ್ಳುವುದು ಲೇಸು. ಹಾಗೆಯೇ 1493ರವರೆಗೆ ಸಾಮ್ರಾಟನಾಗಿದ್ದವನು ಮೂರನೆಯ ಫ್ರೆಡ್ರಿಕ್. ಅವನ ಮಗ ಮಾಕ್ಸಿಮಿಲಿಯನ್ 1486ರಿಂದ ‘ರೋಮನ್ನರ ರಾಜ’ನಾಗಿದ್ದು, ಸಾಮ್ರಾಟ ಎಂಬ ಬಿರುದನ್ನು ಧರಿಸಿದ್ದು 1508ರಲ್ಲಿ. ಈ ಇಬ್ಬರನ್ನೂ ಎಲ್ಲ ಕಡೆಯೂ ‘ಚಕ್ರವರ್ತಿ’ ಎಂದು ಬರೆದುಬಿಟ್ಟರೆ, ಮುಂದೆ ತಂದೆ ಒಂದು ದಿಕ್ಕಿಗೆ, ಮಗ ಇನ್ನೊಂದು ದಿಕ್ಕಿಗೆ ಎಳೆಯುವಾಗ ಓದುಗನು ಗೊಂದಲಕ್ಕೆ ಬೀಳುತ್ತಾನೆ.

ಒಂದೇ ಊರಿನ ಹಕ್ಕುಗಳನ್ನು ಬಿಡಿಸಿ ನೋಡುವುದು

ಇಲ್ಲಿಂದ ಮುಂದಿನದು ನಿಧಾನವಾಗಿ ಮಾಡಬೇಕಾದ ಕೆಲಸ. ಡ್ಯೂಕ್ ಆಸೆಪಟ್ಟ ಪ್ರತಿಯೊಂದು ಊರಿಗೂ ಒಂದು ಹಾಳೆ ತೆಗೆದುಕೊಂಡು, ಆ ಊರಿನಲ್ಲಿ ನ್ಯಾಯ ಹೇಳುವ ಹಕ್ಕು ಯಾರದು, ಸುಂಕ ಯಾರಿಗೆ, ತೆರಿಗೆ ಯಾರಿಗೆ, ಚರ್ಚಿನ ಆಸ್ತಿ ಯಾರ ಕೈಯಲ್ಲಿ, ಸಾಮ್ರಾಟನಿಗೆ ಏನು ಸಲ್ಲುತ್ತದೆ ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಹೀಗೆ ಮಾಡಿ ನೋಡಲು ರೇಗೆನ್ಸ್‌ಬರ್ಗ್‌ಗಿಂತ ಒಳ್ಳೆಯ ಊರು ಸಿಗಲಾರದು.

ಡ್ಯಾನ್ಯೂಬ್ ನದಿಯ ದಂಡೆಯಲ್ಲಿರುವ ರೇಗೆನ್ಸ್‌ಬರ್ಗ್ ಸಾಮ್ರಾಟನಿಗೆ ನೇರವಾಗಿ ಸೇರಿದ ಸ್ವತಂತ್ರ ನಗರ. ಆದರೆ ಅದೇ ಗೋಡೆಗಳೊಳಗೆ ಬಿಷಪ್‌ನ ಪೀಠವಿತ್ತು, ಜೊತೆಗೆ ಸೇಂಟ್ ಎಮ್ಮೆರಾಮ್ ಮಠವೂ ಓಬರ್‌ಮ್ಯುನ್ಸ್ಟರ್, ನೀಡರ್‌ಮ್ಯುನ್ಸ್ಟರ್ ಎಂಬ ಎರಡು ಸ್ತ್ರೀಮಠಗಳೂ ಇದ್ದವು. ಅವೂ ಸಾಮ್ರಾಜ್ಯಕ್ಕೆ ನೇರವಾಗಿ ಒಳಪಟ್ಟಿದ್ದು ನಗರಸಭೆಗೆ ಅಧೀನವಾಗಿರಲಿಲ್ಲ. ಸುತ್ತಲಿನ ಹಳ್ಳಿಗಾಡು ಬವೇರಿಯಾದ ಡ್ಯೂಕರದು. ಕಲ್ಲಿನ ಸೇತುವೆ ದಾಟಿದರೆ ಆಚೆ ದಂಡೆಯಲ್ಲಿ ಬವೇರಿಯಾದ್ದೇ ಆದ ಷ್ಟಾಟ್‌ಆಮ್‌ಹೋಫ್. ಹೀಗೆ ಒಂದೇ ಊರಿನ ಮೇಲೆ ಪದರ ಪದರವಾಗಿ ಒಡೆತನಗಳು. ಯಾವ ಬಣ್ಣವನ್ನು ಬಳಿದರೂ ಅದು ತಪ್ಪೇ.

ನಗರವು ವ್ಯಾಪಾರ ಕುಗ್ಗಿ ಸಾಲದಲ್ಲಿ ಮುಳುಗಿತ್ತು. 1486ರಲ್ಲಿ ಅದು ತಾನಾಗಿಯೇ ಆಲ್ಬ್ರೆಕ್ಟ್‌ನ ಆಶ್ರಯಕ್ಕೆ ಬಂದು ಬವೇರಿಯಾದ ಪಟ್ಟಣವಾಯಿತು. ಒಂದು ಬಾಣವನ್ನೂ ಬಿಡದೆ ಸಾಮ್ರಾಜ್ಯದ ಪ್ರಾಚೀನ ನಗರಗಳಲ್ಲೊಂದು ಡ್ಯೂಕನ ಕೈಸೇರಿದ ಈ ಘಟನೆಯನ್ನು ಬರೆಯುವಾಗ ‘ವಶಪಡಿಸಿಕೊಂಡನು’ ಎಂದು ಬರೆದರೆ ನಡೆದದ್ದೇನು ಎಂಬುದು ಮುಚ್ಚಿಹೋಗುತ್ತದೆ. ನಗರದ ಸಾಲ, ನಾಗರಿಕರ ದಣಿವು, ಸುತ್ತಲೂ ಬವೇರಿಯಾದ ನೆಲವೇ ಇದ್ದುದು, ಇವು ಒಟ್ಟುಗೂಡಿ ಕೆಲಸ ಮಾಡಿದವು. ಸಾಮ್ರಾಟ ಫ್ರೆಡ್ರಿಕ್‌ನ ದೃಷ್ಟಿಯಲ್ಲಾದರೋ ತನ್ನದನ್ನು ಕೇಳದೆ ಕೊಂಡೊಯ್ದಂತಾಗಿತ್ತು.

ಅದಕ್ಕೆ ಒಂದು ವರ್ಷ ಮೊದಲು ಆಬೆನ್ಸ್‌ಬರ್ಗ್ ಬೇರೆ ಬಗೆಯಲ್ಲಿ ಬಂದಿತ್ತು. ಆ ಸೀಮೆಯ ಕೊನೆಯ ಒಡೆಯ ನಿಕ್ಲಾಸ್, ಕ್ರಿಸ್ಟೋಫ್‌ನ ಸೆರೆಯಲ್ಲಿ ಆಲ್ಬ್ರೆಕ್ಟ್‌ನ ಪರವಾಗಿ ಕೈಜೋಡಿಸಿದವನು. 1485ರಲ್ಲಿ ಫ್ರೈಸಿಂಗ್ ಬಳಿ ಕ್ರಿಸ್ಟೋಫ್‌ನ ಕಡೆಯವರು ಅವನನ್ನು ಕೊಂದರು. ಅವನಿಗೆ ಉತ್ತರಾಧಿಕಾರಿ ಇರಲಿಲ್ಲ. ವಾರಸುದಾರರಿಲ್ಲದ ಸಾಮ್ರಾಜ್ಯದ ಉಂಬಳಿ ಸಾಮ್ರಾಟನಿಗೆ ಮರಳಬೇಕೆಂಬುದು ಫ್ರೆಡ್ರಿಕ್‌ನ ವಾದ. ಆಲ್ಬ್ರೆಕ್ಟ್ ಅದನ್ನು ತನ್ನ ನಾಡಿಗೆ ಸೇರಿಸಿಕೊಂಡೇಬಿಟ್ಟನು. ಎರಡು ವರ್ಷದೊಳಗೆ ಎರಡು ಕಡೆ ಸಾಮ್ರಾಟನ ಹಕ್ಕಿಗೆ ಕೈಹಾಕಿದಂತಾಯಿತು ಎಂಬುದನ್ನು ಗುರುತು ಹಾಕಿಕೊಳ್ಳಿ.

ಮದುವೆ ಮತ್ತು ಭೋಗ್ಯವನ್ನು ಒಟ್ಟಿಗೆ ಓದುವುದು

ಮದುವೆಯ ಅಧ್ಯಾಯವನ್ನು ಜೀವನಚರಿತ್ರೆಯ ಅಲಂಕಾರವೆಂದು ಬದಿಗಿಡುವ ಅಭ್ಯಾಸ ಹಲವರಲ್ಲಿದೆ. ಅದನ್ನು ಸಾಲಪತ್ರಗಳ ಪಕ್ಕದಲ್ಲೇ ಇಟ್ಟು ಓದಬೇಕು.

ಆಲ್ಪ್ಸ್ ಪರ್ವತದ ಟಿರೋಲ್ ಸೀಮೆಯನ್ನು ಸಾಮ್ರಾಟ ಫ್ರೆಡ್ರಿಕ್‌ನದೇ ಆದ ಹಾಬ್ಸ್‌ಬರ್ಗ್ ಮನೆತನದ ಸಿಗಿಸ್‌ಮುಂಡ್ ಆಳುತ್ತಿದ್ದನು. ಷ್ವಾಟ್ಸ್‌ನ ಬೆಳ್ಳಿ ಗಣಿಗಳ ಒಡೆಯನಾಗಿದ್ದರೂ ಖರ್ಚು ಕೈಮೀರಿ ಸದಾ ಸಾಲದಲ್ಲಿದ್ದ ಇವನಿಗೆ ಕಾನೂನುಬದ್ಧ ಸಂತಾನವಿರಲಿಲ್ಲ. ಬೆಳ್ಳಿ, ಸಾಲ, ಸಂತಾನವಿಲ್ಲದಿರುವುದು: ಈ ಮೂರೂ ಒಂದೆಡೆ ಸೇರಿದರೆ ಪಕ್ಕದ ನಾಡಿನ ಡ್ಯೂಕ್ ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ. ಆಲ್ಬ್ರೆಕ್ಟ್ ಮತ್ತು ಲಾಂಡ್ಸ್‌ಹುಟ್‌ನ ಗೆಯೋರ್ಗ್ ಇಬ್ಬರೂ ಸಿಗಿಸ್‌ಮುಂಡ್‌ಗೆ ಹಣ ಕೊಡುತ್ತಾ, ಪ್ರತಿಯಾಗಿ ಪತ್ರಗಳನ್ನು ಬರೆಸಿಕೊಳ್ಳುತ್ತಾ ಹೋದರು. 1487ರಲ್ಲಿ ರೈನ್ ತೀರದವರೆಗೆ ಹರಡಿದ್ದ ಹಾಬ್ಸ್‌ಬರ್ಗ್‌ರ ಪಶ್ಚಿಮದ ನೆಲಗಳನ್ನು ಕೇವಲ 50,000 ಗುಲ್ಡೆನ್ ಎಂಬ ಚಿನ್ನದ ನಾಣ್ಯಗಳಿಗೆ ಬವೇರಿಯಾದ ಡ್ಯೂಕರಿಗೆ ಬಿಟ್ಟುಕೊಡಲು ಸಿಗಿಸ್‌ಮುಂಡ್ ಒಪ್ಪಿದನು.

ಇದೇ ಸಿಗಿಸ್‌ಮುಂಡ್‌ನ ಇನ್ಸ್‌ಬ್ರುಕ್ ಅರಮನೆಯಲ್ಲಿ ಸಾಮ್ರಾಟ ಫ್ರೆಡ್ರಿಕ್‌ನ ಮಗಳು ಕುನಿಗುಂಡೆ ಇದ್ದಳು. ಆಲ್ಬ್ರೆಕ್ಟ್‌ನೊಡನೆ ಅವಳ ವಿವಾಹಕ್ಕೆ ಫ್ರೆಡ್ರಿಕ್ ಮೊದಲು ಒಲವು ತೋರಿದ್ದರೂ, ರೇಗೆನ್ಸ್‌ಬರ್ಗ್‌ನ ಸುದ್ದಿ ತಿಳಿದ ಮೇಲೆ ಒಪ್ಪಿಗೆಯನ್ನು ಹಿಂತೆಗೆದುಕೊಂಡನು. ಆದರೂ 1487ರ ಜನವರಿ 2ರಂದು ಇನ್ಸ್‌ಬ್ರುಕ್‌ನಲ್ಲಿ ಮದುವೆ ನಡೆದೇ ಹೋಯಿತು; ತಂದೆಯ ಒಪ್ಪಿಗೆಯೆಂದು ಅವಳಿಗೆ ತೋರಿಸಿದ ಪತ್ರ ಸುಳ್ಳಿನದು ಎಂಬ ಆಪಾದನೆ ಅಂದಿನಿಂದ ಇಂದಿನವರೆಗೂ ಆಲ್ಬ್ರೆಕ್ಟ್‌ನ ಹೆಸರಿಗೆ ಅಂಟಿಕೊಂಡಿದೆ. ಆಗ ಇಪ್ಪತ್ತೊಂದು ವರ್ಷದವಳಾಗಿದ್ದ ಆ ಹೆಣ್ಣುಮಗಳ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕೇಳಿದವರು ಕಡಿಮೆ. ಅವಳ ಬಗ್ಗೆ ಬರೆಯುವಾಗ ‘ಸಾಮ್ರಾಟನ ಮಗಳು’, ‘ಡ್ಯೂಕನ ಹೆಂಡತಿ’ ಎಂಬ ಎರಡು ವಿಶೇಷಣಗಳಿಗೆ ಮುಗಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಗಂಡನ ಮರಣದ ನಂತರ ಅವಳು ಮ್ಯೂನಿಕ್‌ನ ಮಠವೊಂದನ್ನು ಸೇರಿ, ಅಲ್ಲಿಂದಲೇ ಮಕ್ಕಳ ರಾಜಕೀಯದಲ್ಲಿ ತನ್ನ ಮಾತನ್ನು ನಡೆಸಿದಳು.

ಯಾರು ಯಾರು ಒಟ್ಟಾದರು ಎಂದು ನೋಡುವುದು

ಮಹತ್ವಾಕಾಂಕ್ಷೆಯ ಗಾತ್ರವನ್ನು ಅಳೆಯಲು ಡ್ಯೂಕನ ಮಾತುಗಳಿಗಿಂತ ಅವನಿಗೆ ಹೆದರಿ ಒಟ್ಟಾದವರ ಪಟ್ಟಿ ಹೆಚ್ಚು ನಂಬಿಕೆಗೆ ಅರ್ಹ. ಸಾಮಾನ್ಯವಾಗಿ ಒಬ್ಬರನ್ನೊಬ್ಬರು ನಂಬದವರೇ ಕೈಜೋಡಿಸಿದ್ದರೆ ಅಪಾಯ ದೊಡ್ಡದೆಂದೇ ತಿಳಿಯಬೇಕು.

ಮೊದಲು ಎದ್ದವರು ಟಿರೋಲ್‌ನ ಪ್ರಜಾಪ್ರತಿನಿಧಿ ಸಭೆಯವರು. 1487ರಲ್ಲಿ ಅವರು ಸಿಗಿಸ್‌ಮುಂಡ್‌ನ ಕೈ ಕಟ್ಟಿಹಾಕಿದರು. 1490ರ ಮಾರ್ಚ್‌ನಲ್ಲಿ ಅವನು ಟಿರೋಲ್ ಅನ್ನು ಮಾಕ್ಸಿಮಿಲಿಯನ್‌ಗೆ ಒಪ್ಪಿಸಿದಾಗ ಆಲ್ಬ್ರೆಕ್ಟ್ ಕೂಡಿಟ್ಟಿದ್ದ ಪತ್ರಗಳ ಬೆಲೆ ಇಳಿದುಹೋಯಿತು. ಎರಡನೆಯದು 1488ರ ಫೆಬ್ರವರಿ 14ರಂದು ಎಸ್ಲಿಂಗೆನ್‌ನಲ್ಲಿ ಹುಟ್ಟಿದ ಸ್ವಾಬಿಯನ್ ಕೂಟ. ಬವೇರಿಯಾದ ಪಶ್ಚಿಮಕ್ಕಿರುವ ಸ್ವಾಬಿಯಾದ ಸ್ವತಂತ್ರ ನಗರಗಳು, ಸೇಂಟ್ ಜಾರ್ಜ್‌ನ ಹೆಸರಿನಲ್ಲಿ ಸಂಘಟಿತರಾಗಿದ್ದ ನೈಟ್‌ಗಳೆಂಬ ಕುಲೀನ ಯೋಧರು, ವ್ಯುರ್ಟೆಂಬರ್ಗ್‌ನ ಒಡೆಯ ಏಬರ್‌ಹಾರ್ಟ್, ಇವರೆಲ್ಲರನ್ನೂ ಸಾಮ್ರಾಟನ ಪ್ರೇರಣೆಯಿಂದ ಒಂದೇ ಕಡೆ ತಂದದ್ದು ಬವೇರಿಯಾದ ಭಯವೇ.

ಮೂರನೆಯದು ಮನೆಯೊಳಗಿನ ಕಿಚ್ಚು. ಸೈನ್ಯಕ್ಕೆ ಹಣ ಬೇಕು, ಹಣಕ್ಕೆ ತೆರಿಗೆ ಬೇಕು. ಆಲ್ಬ್ರೆಕ್ಟ್ ವಿಧಿಸಿದ ತೆರಿಗೆಯನ್ನು ಸ್ಟ್ರೌಬಿಂಗ್ ಸೀಮೆಯ ಶ್ರೀಮಂತ ಕುಲೀನರು ತಮ್ಮ ಹಳೆಯ ವಿನಾಯಿತಿ ಪತ್ರಗಳನ್ನು ಮುಂದೊಡ್ಡಿ ನಿರಾಕರಿಸಿದರು. 1489ರ ಜುಲೈ 14ರಂದು ಖಾಮ್ ಪಟ್ಟಣದಲ್ಲಿ 46 ಮಂದಿ ಸೇರಿ, ಸಿಂಹದ ಚಿಹ್ನೆಯನ್ನು ಧರಿಸಿದ ಕೂಟವೊಂದನ್ನು ಕಟ್ಟಿದರು. ನಾನು ಈ ಭಾಗಕ್ಕೆ ವಿಶೇಷ ಮಹತ್ವ ಕೊಡುತ್ತೇನೆ. ಹೊರಗೆ ನಾಡನ್ನು ಹಿಗ್ಗಿಸುವ ಆಸೆಯ ಖರ್ಚನ್ನು ಒಳಗೆ ಯಾರು ತೆತ್ತರು ಎಂಬ ಪ್ರಶ್ನೆಯನ್ನು ಕೇಳದ ಜೀವನಚರಿತ್ರೆ ಡ್ಯೂಕನ ಆಸ್ಥಾನದ ಕಿಟಕಿಯಿಂದ ಮಾತ್ರ ಜಗತ್ತನ್ನು ನೋಡಿದಂತಾಗುತ್ತದೆ.

1491ರಲ್ಲಿ ಫ್ರೆಡ್ರಿಕ್ ರೇಗೆನ್ಸ್‌ಬರ್ಗ್ ನಗರದ ಮೇಲೆ ಬಹಿಷ್ಕಾರ ಹೊರಡಿಸಿದನು. 1492ರ ಜನವರಿಯಲ್ಲಿ ಅಳಿಯನ ಮೇಲೂ ಹೊರಡಿಸಿದನು. ಸ್ವಾಬಿಯನ್ ಕೂಟದ ಸೈನ್ಯ ಲೆಖ್ ನದಿಯ ಬಯಲಿನಲ್ಲಿ ನೆರೆಯಿತು. ಆಲ್ಬ್ರೆಕ್ಟ್ ಯುದ್ಧ ಮಾಡಲಿಲ್ಲ. ಭಾವಮೈದುನನಾದ ಮಾಕ್ಸಿಮಿಲಿಯನ್‌ನ ಮಧ್ಯಸ್ಥಿಕೆಯಲ್ಲಿ ಮೇ ತಿಂಗಳಲ್ಲಿ ಒಪ್ಪಂದವಾಗಿ, ಅವನು ರೇಗೆನ್ಸ್‌ಬರ್ಗ್ ಅನ್ನು ಸಾಮ್ರಾಜ್ಯಕ್ಕೆ ಹಿಂತಿರುಗಿಸಿದನು, ಮಾವನೊಡನೆ ರಾಜಿಯೂ ಆಯಿತು. ಆರು ವರ್ಷ ಕೈಯಲ್ಲಿದ್ದ ನಗರವನ್ನು ಬಿಟ್ಟುಕೊಟ್ಟದ್ದನ್ನು ಹೇಡಿತನವೆಂದು ಬರೆದವರುಂಟು. ಆದರೆ ಆ ವಸಂತದಲ್ಲಿ ಅವನು ಕಾದಿ ಸೋತಿದ್ದರೆ ಮ್ಯೂನಿಕ್‌ನ ಡಚಿಯೇ ಉಳಿಯುತ್ತಿತ್ತೋ ಇಲ್ಲವೋ. ಅವನಿಗೆ ‘ವಿವೇಕಿ’ ಎಂಬ ಬಿರುದು ಸಲ್ಲುವುದಾದರೆ ಅದು 1492ರ ಈ ಹಿಮ್ಮೆಟ್ಟುವಿಕೆಗಾಗಿಯೇ ಸಲ್ಲಬೇಕು ಎಂಬುದು ನನ್ನ ನಿಲುವು.

ಉಯಿಲನ್ನು ಹಳೆಯ ಒಪ್ಪಂದದ ಪಕ್ಕದಲ್ಲಿಟ್ಟು ಓದುವುದು

ಹತ್ತು ವರ್ಷಗಳ ನಂತರದ ಘಟನೆಗೆ ಬರುವಾಗ ನೀವು ಮೊದಲು ಬರೆದುಕೊಂಡ ಪಾಲುಪಟ್ಟಿ ಮತ್ತೆ ಬೇಕಾಗುತ್ತದೆ. ಲಾಂಡ್ಸ್‌ಹುಟ್‌ನ ಗೆಯೋರ್ಗ್‌ಗೆ ಬದುಕಿ ಉಳಿದ ಗಂಡುಮಕ್ಕಳಿರಲಿಲ್ಲ. 1329ರ ಪಾವಿಯಾ ಒಪ್ಪಂದ ಮತ್ತು ನಂತರದ ಮನೆತನದ ಕರಾರುಗಳ ಪ್ರಕಾರ ಅಂಥ ಸಂದರ್ಭದಲ್ಲಿ ನಾಡು ಗಂಡು ದಾಯಾದಿಗೆ, ಅಂದರೆ ಮ್ಯೂನಿಕ್‌ಗೆ ಸೇರಬೇಕು. ಗೆಯೋರ್ಗ್ 1496ರಲ್ಲಿ ಉಯಿಲು ಬರೆದು ನಾಡನ್ನು ಮಗಳು ಎಲಿಜಬೆತ್‌ಳಿಗೆ ಬಿಟ್ಟನು. 1499ರಲ್ಲಿ ಅವಳನ್ನು ಪ್ಯಾಲಟಿನೇಟ್‌ನ ರುಪ್ರೆಖ್ಟ್‌ಗೆ ಮದುವೆ ಮಾಡಿಕೊಟ್ಟನು. ರುಪ್ರೆಖ್ಟ್ ಗೆಯೋರ್ಗ್‌ನ ಸ್ವಂತ ತಂಗಿಯ ಮಗ, ವಂಶದಿಂದ ವಿಟೆಲ್ಸ್‌ಬಾಖ್‌ನವನೇ. ಹೆಣ್ಣುಮಗಳ ಹಕ್ಕು, ದಾಯಾದಿಯ ಹಕ್ಕು, ಸಾಮ್ರಾಜ್ಯದ ಉಂಬಳಿಯೆಂದು ರಾಜನ ಹಕ್ಕು: ಮೂರರಲ್ಲಿ ಯಾವುದನ್ನೂ ಪೂರ್ತಿ ಸುಳ್ಳೆನ್ನುವಂತಿರಲಿಲ್ಲ. ಬರೆಯುವವರು ಇಲ್ಲಿ ಯಾರನ್ನೂ ಅವಸರದಲ್ಲಿ ಕಳ್ಳನನ್ನಾಗಿ ಮಾಡಬಾರದು.

1503ರ ಡಿಸೆಂಬರ್ 1ರಂದು ಗೆಯೋರ್ಗ್ ಸತ್ತನು. 1504ರ ಏಪ್ರಿಲ್‌ನಲ್ಲಿ ರುಪ್ರೆಖ್ಟ್ ಮತ್ತು ಎಲಿಜಬೆತ್ ಲಾಂಡ್ಸ್‌ಹುಟ್ ಅನ್ನು ತಮ್ಮ ಕೈಗೆ ತೆಗೆದುಕೊಂಡರು. ಮಾಕ್ಸಿಮಿಲಿಯನ್ ಆ ನಾಡು ಆಲ್ಬ್ರೆಕ್ಟ್ ಮತ್ತು ವುಲ್ಫ್‌ಗಾಂಗ್‌ಗೆ ಸೇರಿದ್ದೆಂದು ಘೋಷಿಸಿದನು. ಯುದ್ಧ ಆರಂಭವಾಯಿತು. ಈಗ ಆಲ್ಬ್ರೆಕ್ಟ್‌ನ ಪರವಾಗಿ ನಿಂತವರನ್ನು ನೋಡಿ: ರಾಜ ಮಾಕ್ಸಿಮಿಲಿಯನ್, ವ್ಯುರ್ಟೆಂಬರ್ಗ್, ನ್ಯೂರೆಂಬರ್ಗ್ ನಗರ, ಮತ್ತು ಹದಿನಾರು ವರ್ಷಗಳ ಹಿಂದೆ ಅವನ ವಿರುದ್ಧವೇ ಕಟ್ಟಿದ ಅದೇ ಸ್ವಾಬಿಯನ್ ಕೂಟ. ಕೂಟದ ಶತ್ರುವಾಗಿದ್ದವನು ಅಷ್ಟರಲ್ಲಿ ಅದರ ಸದಸ್ಯನೇ ಆಗಿದ್ದನು. ಹತ್ತು ಹನ್ನೆರಡು ವರ್ಷಗಳ ತಾಳ್ಮೆಯ ಫಲವಿದು.

ಕದನಗಳ ವಿವರಕ್ಕೆ ಹೆಚ್ಚು ಜಾಗ ಕೊಡಬೇಕಾಗಿಲ್ಲ. ಊರುಗಳನ್ನು ಸುಡುವುದೇ ಯುದ್ಧದ ಮುಖ್ಯ ರೀತಿಯಾಗಿತ್ತು, ನಷ್ಟ ಹಳ್ಳಿಗರದು. ಗ್ಯೋಟ್ಸ್ ಫೊನ್ ಬೆರ್ಲಿಖಿಂಗನ್ ಎಂಬ ನೈಟ್ ತನ್ನ ಕೈ ಕಳೆದುಕೊಂಡು ಕಬ್ಬಿಣದ ಕೈ ಧರಿಸಬೇಕಾಗಿ ಬಂದದ್ದು ಲಾಂಡ್ಸ್‌ಹುಟ್ ಮುಂದೆ ನಡೆದ ಈ ಹೋರಾಟದಲ್ಲಿಯೇ. ರುಪ್ರೆಖ್ಟ್ ಆಗಸ್ಟ್‌ನಲ್ಲಿ, ಎಲಿಜಬೆತ್ ಸೆಪ್ಟೆಂಬರ್‌ನಲ್ಲಿ ರೋಗದಿಂದ ಸತ್ತರು. ಇಬ್ಬರು ಎಳೆಯ ಗಂಡುಮಕ್ಕಳು ಉಳಿದರು. ಸೆಪ್ಟೆಂಬರ್ 12ರಂದು ರೇಗೆನ್ಸ್‌ಬರ್ಗ್ ಹತ್ತಿರದ ವೆನ್ಸೆನ್‌ಬಾಖ್‌ನಲ್ಲಿ ಮಾಕ್ಸಿಮಿಲಿಯನ್ ಬೊಹೀಮಿಯಾದ ಕೂಲಿ ಸೈನಿಕರನ್ನು ಸೋಲಿಸಿದನು. ಅಕ್ಟೋಬರ್‌ನಲ್ಲಿ ದೊಡ್ಡ ಫಿರಂಗಿಗಳು ಕುಫ್‌ಸ್ಟೈನ್ ಕೋಟೆಯ ಗೋಡೆಯನ್ನು ಒಡೆದ ಮೇಲೆ ಅದರ ರಕ್ಷಕ ಹಾನ್ಸ್ ಫೊನ್ ಪಿಯೆನ್ಸೆನೌನ ತಲೆ ತೆಗೆಸಲಾಯಿತು. ಕುಫ್‌ಸ್ಟೈನ್ ಯಾರ ಕೈ ಸೇರಿತು ಎಂಬುದು ಮುಂದಿನ ಮಾತಿಗೆ ಬೇಕು.

ತೀರ್ಪನ್ನು ಲೆಕ್ಕಪತ್ರದಂತೆ ಓದುವುದು

1505ರ ಜುಲೈ 30ರಂದು ಕಲೋನ್‌ನಲ್ಲಿ ಮಾಕ್ಸಿಮಿಲಿಯನ್ ತೀರ್ಪು ಹೇಳಿದನು. ಇದನ್ನು ಓದುವಾಗ ಹಾಳೆಯಲ್ಲಿ ಕಾಲಂಗಳನ್ನು ಹಾಕಿಕೊಂಡು, ಯಾರಿಗೆ ಏನು ಸಂದಿತು ಎಂದು ಬರೆಯುವುದು ಅತ್ಯಗತ್ಯ. ಲಾಂಡ್ಸ್‌ಹುಟ್, ಬುರ್ಗ್‌ಹೌಸೆನ್, ಇಂಗೋಲ್‌ಸ್ಟಾಟ್ ಸೇರಿದಂತೆ ಹೆಚ್ಚಿನ ಭಾಗ ಆಲ್ಬ್ರೆಕ್ಟ್‌ಗೆ ಬಂತು. ಅನಾಥರಾದ ಮಕ್ಕಳು ಒಟ್‌ಹೈನ್ರಿಖ್ ಮತ್ತು ಫಿಲಿಪ್‌ಗೆ ನಾಯ್‌ಬುರ್ಗ್ ಎಂಬ ಹೊಸ ಸೀಮೆಯನ್ನು ಕತ್ತರಿಸಿಕೊಡಲಾಯಿತು. ಅದರ ಗಡಿಯನ್ನು ನಿರ್ಧರಿಸಿದ್ದು ನದಿಯೂ ಅಲ್ಲ, ಬೆಟ್ಟವೂ ಅಲ್ಲ. ವರ್ಷಕ್ಕೆ 24,000 ಗುಲ್ಡೆನ್ ಉತ್ಪತ್ತಿ ಬರುವಷ್ಟು ನೆಲ ಬೇಕೆಂದು ಗೊತ್ತುಮಾಡಿ, ಅಷ್ಟಾಗುವವರೆಗೆ ಅಲ್ಲೊಂದು ಇಲ್ಲೊಂದು ಊರು ಸೇರಿಸಿದರು. ಆದ್ದರಿಂದಲೇ ಭೂಪಟದಲ್ಲಿ ನಾಯ್‌ಬುರ್ಗ್ ಚೂರುಚೂರಾಗಿ ಕಾಣುತ್ತದೆ. ಈ ಒಂದು ಅಂಶವನ್ನು ವಿದ್ಯಾರ್ಥಿಗಳಿಗೆ ತೋರಿಸಿದರೆ ಆ ಕಾಲದಲ್ಲಿ ‘ನಾಡು’ ಎಂದರೆ ಏನೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಸಹಾಯಕ್ಕೆ ಬಂದವರ ಕೂಲಿಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಕುಫ್‌ಸ್ಟೈನ್, ರಾಟೆನ್‌ಬರ್ಗ್, ಕಿಟ್ಸ್‌ಬ್ಯೂಲ್ ಮಾಕ್ಸಿಮಿಲಿಯನ್‌ಗೆ ಹೋಗಿ ಟಿರೋಲ್‌ಗೆ ಸೇರಿದವು. ಇಂದಿಗೂ ಅವು ಆಸ್ಟ್ರಿಯಾದಲ್ಲಿವೆ. ಲೌಫ್, ಹೆರ್ಸ್‌ಬ್ರುಕ್, ಆಲ್ಟ್‌ಡೋರ್ಫ್ ನ್ಯೂರೆಂಬರ್ಗ್ ನಗರಕ್ಕೆ, ಹೈಡೆನ್‌ಹೈಮ್ ವ್ಯುರ್ಟೆಂಬರ್ಗ್‌ಗೆ. ಟಿರೋಲ್ ಅನ್ನೇ ಪಡೆಯಲು ಹೊರಟಿದ್ದ ಡ್ಯೂಕ್ ಕೊನೆಗೆ ತನ್ನ ಮನೆತನದ ಮೂರು ಪಟ್ಟಣಗಳನ್ನು ಟಿರೋಲ್‌ಗೆ ತೆತ್ತು ಉಳಿದ ಬವೇರಿಯಾವನ್ನು ಒಂದುಗೂಡಿಸಿದನು.

ಅವನ ವಯಸ್ಸು ಆಗ ಐವತ್ತೆಂಟರ ಹತ್ತಿರ. ಹಿರಿಯ ಮಗ ವಿಲ್‌ಹೆಲ್ಮ್ ಹುಟ್ಟಿದ್ದು 1493ರಲ್ಲಿ, ಅವನ ತಮ್ಮ ಲುಡ್ವಿಗ್ 1495ರಲ್ಲಿ, ಎರ್ನ್‌ಸ್ಟ್ 1500ರಲ್ಲಿ. ಒಂದುಗೂಡಿದ ನಾಡು ಮತ್ತೆ ಮೂರು ಪಾಲಾಗುವ ಸಾಧ್ಯತೆ ಕಣ್ಣೆದುರಿಗೇ ಇತ್ತು. 1506ರ ಜುಲೈ 8ರಂದು ಆಲ್ಬ್ರೆಕ್ಟ್, ತಮ್ಮ ವುಲ್ಫ್‌ಗಾಂಗ್‌ನ ಮತ್ತು ನಾಡಿನ ಪ್ರತಿನಿಧಿ ಸಭೆಗಳ ಒಪ್ಪಿಗೆಯೊಂದಿಗೆ, ಜ್ಯೇಷ್ಠಾಧಿಕಾರದ ಕಟ್ಟಳೆಯನ್ನು ಹೊರಡಿಸಿದನು: ಇನ್ನು ಮುಂದೆ ಬವೇರಿಯಾ ಪಾಲಾಗಕೂಡದು, ಹಿರಿಯ ಮಗನೇ ಡ್ಯೂಕ್, ಕಿರಿಯರಿಗೆ ಕೌಂಟ್ ಎಂಬ ಪದವಿ ಮತ್ತು ವರ್ಷಾಶನ. ತನ್ನ ಅಣ್ಣನಿಂದ ಆಳ್ವಿಕೆ ಬಿಡಿಸಿಕೊಂಡವನು, ತಮ್ಮನನ್ನು ಸೆರೆಯಲ್ಲಿಟ್ಟವನು, ತಾನೇ ಕಿರಿಯ ಮಗನಾಗಿ ಚರ್ಚಿಗೆ ಮೀಸಲಾಗಿದ್ದವನು ಬರೆಸಿದ ಕಟ್ಟಳೆ ಇದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಿದರೆ ಅದರ ಒಂದೊಂದು ಸಾಲಿನ ಹಿಂದೆಯೂ ಅವನ ಬದುಕು ಕಾಣುತ್ತದೆ.

ಜೀವನಚರಿತ್ರೆಯನ್ನು 1508ರ ಮರಣದೊಂದಿಗೆ ನಿಲ್ಲಿಸದೆ, ಕಟ್ಟಳೆ ನಡೆಯಿತೋ ಇಲ್ಲವೋ ಎಂದು ಇನ್ನಷ್ಟು ವರ್ಷ ಹಿಂಬಾಲಿಸಿ. 1514ರಲ್ಲಿ ಲುಡ್ವಿಗ್, ಕಟ್ಟಳೆಗಿಂತ ಮೊದಲೇ ಹುಟ್ಟಿದ ತನಗೆ ಅದು ಅನ್ವಯಿಸದು ಎಂದು ವಾದಿಸಿದನು. ತಾಯಿ ಕುನಿಗುಂಡೆ ಅವನ ಪರ ನಿಂತಳು. ವಿಲ್‌ಹೆಲ್ಮ್ ಮಣಿಯಬೇಕಾಯಿತು. ಅಣ್ಣ ಮ್ಯೂನಿಕ್‌ನಲ್ಲಿ, ತಮ್ಮ ಲಾಂಡ್ಸ್‌ಹುಟ್‌ನಲ್ಲಿ ಕುಳಿತು ಒಂದೇ ನಾಡನ್ನು ಜಂಟಿಯಾಗಿ ಆಳಿದರು. ಮದುವೆಯಾಗದ ಲುಡ್ವಿಗ್ 1545ರಲ್ಲಿ ತೀರಿಕೊಂಡ ಮೇಲೆಯೇ ತಂದೆಯ ಮಾತು ಪೂರ್ತಿ ಜಾರಿಗೆ ಬಂದದ್ದು. ಬಿಯರ್ ತಯಾರಿಕೆಗೆ ಬಾರ್ಲಿ, ಹಾಪ್ಸ್ ಹೂವು ಮತ್ತು ನೀರನ್ನು ಮಾತ್ರ ಬಳಸಬೇಕೆಂದು ಆಲ್ಬ್ರೆಕ್ಟ್ 1487ರಲ್ಲಿ ಮ್ಯೂನಿಕ್‌ಗೆ ಮಾಡಿದ್ದ ಕಟ್ಟುಪಾಡು 1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್‌ನಲ್ಲಿ ಇಡೀ ಬವೇರಿಯಾದ ಕಾನೂನಾಯಿತು. ಆ ಪ್ರಸಿದ್ಧ ಆಜ್ಞೆಯ ಪ್ರತಿ ನಿಮ್ಮ ಕಣ್ಣಿಗೆ ಬಿದ್ದರೆ ಅದನ್ನು ಹೊರಡಿಸಿದವರ ಹೆಸರನ್ನು ಓದಿ ನೋಡಿ. ಅಲ್ಲಿ ವಿಲ್‌ಹೆಲ್ಮ್, ಲುಡ್ವಿಗ್ ಇಬ್ಬರೂ ಇದ್ದಾರೆ.